ಬೆಳಗಿನ ಐದು ಗಂಟೆ

ವಿಡಂಬನೆಯ ವಿಚಾರದಲ್ಲಿ ನಮ್ಮ ರಸಿಕರಲ್ಲಿ ಒಂದು ನಂಬಿಕೆ ಆಳವಾಗಿ ಬೇರೂರಿದೆ. ವಿಡಂಬನಕಾರ ಚುಚ್ಚಬಹುದು, ಆದರೆ ಅವನ ಮೊನೆಗೆ ನಂಜು ಹತ್ತಿರಕೂಡದು. ಅವನು ನಗಿಸಬೇಕು, ನಕ್ಕವರಲ್ಲಿ ಚುಚ್ಚಿಸಿಕೊಂಡವನೂ ಒಬ್ಬನಾಗಿರಬೇಕು. 1942ರಲ್ಲಿ ‘ರಾಶಿ’ಯವರು ಆರಂಭಿಸಿದ ‘ಕೊರವಂಜಿ’ ಬೆಳೆದದ್ದು ಈ ನಂಬಿಕೆಯ ನೆರಳಿನಲ್ಲಿಯೇ. ಆ ಪತ್ರಿಕೆಗೆ ಗೆರೆಗಳನ್ನೆಳೆದ ಆರ್. ಕೆ. ಲಕ್ಷ್ಮಣರು ಮುಂದೆ ಮುಂಬಯಿಯಲ್ಲಿ ರೂಪಿಸಿದ ಚೌಕಳಿ ಕೋಟಿನ ಸಾಮಾನ್ಯ ಮನುಷ್ಯನೂ ಎಲ್ಲವನ್ನೂ ನೋಡಿದ, ಏನನ್ನೂ ಆಡಲಿಲ್ಲ. ಈ ಸೌಮ್ಯತೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದರಿಂದ ನಾವು ಪಡೆದ ಸಂತೋಷ ಸಣ್ಣದೇನೂ ಅಲ್ಲ. ಆದರೆ ಇದೊಂದೇ ವಿಡಂಬನೆಯ ಧರ್ಮ, ದ್ವೇಷ ಬೆರೆತೊಡನೆ ಕಲೆ ಕೆಟ್ಟಿತು ಎಂದು ತೀರ್ಪು ಕೊಡುವವರ ಎದುರಿಗೆ ಒಂದು ಚಿತ್ರವನ್ನು ಇಡಬೇಕೆನಿಸುತ್ತದೆ. ಬಣ್ಣವಿಲ್ಲದ, ಬರಿಯ ಮಸಿಯ ಚಿತ್ರ. ಬರೆದವನು ಜರ್ಮನಿಯ ಜಾರ್ಜ್ ಗ್ರೋಸ್. ಬರ್ಲಿನ್ನಿನ ಮಾಲಿಕ್ ಪ್ರಕಾಶನ 1921ರಲ್ಲಿ ಹೊರತಂದ ‘ಆಳುವ ವರ್ಗದ ಮುಖ’ ಎಂಬ ಅವನ ಚಿತ್ರಸಂಗ್ರಹದಲ್ಲಿ ಅದು ಸೇರಿದೆ. ಚಿತ್ರದ ಹೆಸರು ‘ಬೆಳಗಿನ ಐದು ಗಂಟೆ’.

ಒಂದೇ ಹಾಳೆಯಲ್ಲಿ ಎರಡು ನೋಟಗಳು. ಮೇಲುಗಡೆ ಕಾರ್ಖಾನೆ, ಹೊಗೆ ಕಾರುವ ಚಿಮಣಿಗಳು. ಕೂಲಿಕಾರರು ಸಾಲುಗಟ್ಟಿ ಕೆಲಸಕ್ಕೆ ನಡೆದಿದ್ದಾರೆ. ಕೆಳಗಡೆ ಒಂದು ಪಾನಗೃಹ. ರಾತ್ರಿ ಅಲ್ಲಿ ಇನ್ನೂ ಮುಗಿದಿಲ್ಲ. ಬೊಜ್ಜು ಬೆಳೆದ ಗಂಡಸರು, ಸಿಗಾರು, ಮದ್ಯ, ಅರೆಬತ್ತಲೆಯ ಹೆಂಗಸರು. ಕುಡಿದದ್ದನ್ನೆಲ್ಲ ಒಬ್ಬ ಕಕ್ಕುತ್ತಿದ್ದಾನೆ. ಇಷ್ಟೇ ಚಿತ್ರ. ಸಿರಿವಂತನನ್ನು ಮಾಳಿಗೆಯಲ್ಲಿಯೂ ಬಡವನನ್ನು ನೆಲಮಾಳಿಗೆಯಲ್ಲಿಯೂ ಇರಿಸುವುದು ಲೋಕದ ರೂಢಿ; ಗ್ರೋಸ್ ಅದನ್ನು ತಿರುಗುಮುರುಗು ಮಾಡಿದ್ದಾನೆ. ಮೇಲೆ ನಡೆಯುವವರು ಕೆಳಗಿನವರನ್ನು ಕಾಣರು, ಕೆಳಗೆ ಕುಳಿತವರಿಗೆ ಮೇಲಿನ ಹೆಜ್ಜೆಯ ಸಪ್ಪಳ ಕೇಳದು. ಎರಡನ್ನೂ ಒಟ್ಟಿಗೆ ಕಾಣುವ ಕಷ್ಟ ನೋಡುಗನೊಬ್ಬನದೇ.

ಉಳ್ಳವ, ಇಲ್ಲದವ ಎಂಬ ಭೇದವನ್ನು ಚಿತ್ರಿಸಿದವರು ಅವನಿಗಿಂತ ಮುಂಚೆಯೂ ಸಾಕಷ್ಟು ಮಂದಿ ಇದ್ದರು. ಅವನ ಹೊಸತನವಿರುವುದು ಹೊತ್ತನ್ನು ಆರಿಸಿಕೊಂಡ ಬಗೆಯಲ್ಲಿ. ಒಬ್ಬನಿಗೆ ರಾತ್ರಿಯ ಕೊನೆಯಾದ ಐದು ಗಂಟೆ ಇನ್ನೊಬ್ಬನಿಗೆ ಹಗಲಿನ ಮೊದಲು. ಹಳ್ಳಿಯಲ್ಲಿ ಕೋಳಿ ಕೂಗಿದರೆ ಎಲ್ಲರಿಗೂ ಒಂದೇ ಬೆಳಗು. ಕಾರ್ಖಾನೆಯ ಸಿಳ್ಳೆ ಕೂಗಿದಾಗ ಒಂದು ಊರು ಎರಡಾಗಿ ಸೀಳುತ್ತದೆ. ಯಂತ್ರನಗರವೆಂದರೆ ಏನೆಂದು ವಿವರಿಸುವ ದೊಡ್ಡ ಗ್ರಂಥಗಳು ಉಂಟು. ಅವುಗಳಲ್ಲಿ ನೂರು ಪುಟ ಹಿಡಿಯುವ ಮಾತನ್ನು ಈ ಹಾಳೆ ಗಡಿಯಾರದ ಒಂದು ಮುಳ್ಳಿನಿಂದ ತೋರಿಸಿಬಿಡುತ್ತದೆ.

ಈ ನಗರ ಯಾವುದು, ಈ ಬೆಳಗು ಎಂಥದು ಎಂಬುದನ್ನು ತಿಳಿಯದೆ ಚಿತ್ರದ ಕಹಿ ಪೂರ್ತಿಯಾಗಿ ನಾಲಗೆಗೆ ಹತ್ತದು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಸುಮಾರು 20 ಲಕ್ಷ ಸೈನಿಕರು ಸತ್ತರು. ಕೈ ಕಾಲು ಕಣ್ಣು ಕಳೆದುಕೊಂಡು ಮರಳಿದವರು ಊರೂರ ಬೀದಿಗಳಲ್ಲಿ ತುಂಬಿಕೊಂಡರು. 1916–17ರ ಚಳಿಗಾಲದಲ್ಲಿ ಆಲೂಗೆಡ್ಡೆಯ ಬೆಳೆ ಕೈಕೊಟ್ಟು, ಸಮುದ್ರದ ದಾರಿ ಮುಚ್ಚಿ, ಜನ ದನದ ಮೇವಾದ ಟರ್ನಿಪ್ ಗೆಡ್ಡೆಯನ್ನು ತಿಂದು ಜೀವ ಹಿಡಿದಿದ್ದರು. ಜರ್ಮನರ ನೆನಪಿನಲ್ಲಿ ಅದಕ್ಕೆ ‘ಟರ್ನಿಪ್ ಚಳಿಗಾಲ’ ಎಂದೇ ಹೆಸರು. ಬರ್ಲಿನ್ನಿನ ಕಾರ್ಖಾನೆಗಳು ಮಾತ್ರ ಹಗಲಿರುಳೂ ದುಡಿದವು, ಗುಂಡು ಮದ್ದುಗಳಿಗಾಗಿ. 1918ರ ಜನವರಿ ಕೊನೆಯಲ್ಲಿ ಆ ನಗರವೊಂದರಲ್ಲಿಯೇ ಸುಮಾರು 4 ಲಕ್ಷ ಕೆಲಸಗಾರರು ಶಾಂತಿಯನ್ನೂ ರೊಟ್ಟಿಯನ್ನೂ ಕೇಳಿ ಮುಷ್ಕರ ಹೂಡಿದರು. ಆ ವರುಷದ ನವೆಂಬರಿನಲ್ಲಿ ಕೈಸರ್ ಓಡಿಹೋದ, ಗಣರಾಜ್ಯವಾಯಿತು. ಮರುವರುಷ ಜನವರಿ 15ರಂದು ರೋಸಾ ಲುಕ್ಸೆಂಬರ್ಗ್ ಮತ್ತು ಕಾರ್ಲ್ ಲೀಬ್‌ಕ್ನೆಖ್ಟರನ್ನು ಸೈನಿಕರು ಹಿಡಿದು ಕೊಂದರು. 1920ರ ಅಕ್ಟೋಬರಿನಲ್ಲಿ ಸುತ್ತಣ ಪಟ್ಟಣಗಳನ್ನೆಲ್ಲ ನುಂಗಿ ಬರ್ಲಿನ್ ಸುಮಾರು 38 ಲಕ್ಷ ಜನರ ಮಹಾನಗರವಾಯಿತು. ಅರಸು ಹೋಗಿದ್ದ, ಅರಸನ ಸೇನಾನಿಗಳೂ ನ್ಯಾಯಾಧೀಶರೂ ಕಾರ್ಖಾನೆಯ ಧನಿಗಳೂ ಇದ್ದಲ್ಲೇ ಇದ್ದರು. ಗ್ರೋಸ್ ಕಂಡ ಬೆಳಗು ಇದು.

ಯುದ್ಧಕ್ಕೂ ಚಿಮಣಿಗೂ ಇರುವ ನಂಟನ್ನು ಅವನು ಮೊದಲೇ ಗುರುತಿಸಿದ್ದ. ಯುದ್ಧ ನಡೆಯುತ್ತಿರುವಾಗಲೇ ಬರೆದ ಇನ್ನೊಂದು ಮಸಿಚಿತ್ರವಿದೆ. ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಸೈನ್ಯಕ್ಕೆ ಸೇರಿಸುವ ವೈದ್ಯಪರೀಕ್ಷೆ ನಡೆದಿದೆ. ಪರೀಕ್ಷೆಗೆ ನಿಂತಿರುವುದು ಒಂದು ಅಸ್ಥಿಪಂಜರ. ತೋರದ ವೈದ್ಯ ಅದರ ಪಕ್ಕೆಲುಬಿಗೆ ಕೊಳವೆಯಿಟ್ಟು ಕಿವಿಗೊಟ್ಟು, ‘ಯುದ್ಧಕ್ಕೆ ಯೋಗ್ಯ’ ಎಂದು ಸಾರುತ್ತಿದ್ದಾನೆ. ಸುತ್ತ ಅಧಿಕಾರಿಗಳು ತಮ್ಮ ತಮ್ಮ ಹರಟೆಯಲ್ಲಿ ಮಗ್ನರು. ಕಿಟಕಿಯಾಚೆ ಕಾರ್ಖಾನೆಗಳ ಹೊಗೆ. ಮೊದಲ ಸಲ ನೋಡಿದವರು ಅಸ್ಥಿಪಂಜರಕ್ಕೆ ಬೆಚ್ಚುತ್ತಾರೆ. ಎರಡನೆಯ ಸಲ ನೋಡಿದವರಿಗೆ ಆ ಕಿಟಕಿಯೇ ಹೆಚ್ಚು ಅಂಜಿಕೆ ತರುತ್ತದೆ. ಕೋಣೆಯೊಳಗಿನ ಅಸಂಬದ್ಧಕ್ಕೂ ಹೊರಗಿನ ಕ್ರಮಬದ್ಧ ಉದ್ಯಮಕ್ಕೂ ನಡುವೆ ಒಂದು ಗಾಜಿನ ಅಂತರ ಮಾತ್ರ.

ಈ ಚಿತ್ರ ಬರಿಯ ಊಹೆಯಿಂದ ಹುಟ್ಟಿದ್ದಲ್ಲ. 1893ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಗ್ರೋಸ್ ತಂದೆಯನ್ನು ಬೇಗ ಕಳೆದುಕೊಂಡ. ಬಾಲ್ಯದ ಬಹುಭಾಗ ಪೊಮೆರೇನಿಯದ ಸ್ಟೋಲ್ಪ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿಯ ಅಶ್ವದಳದ ಅಧಿಕಾರಿಗಳ ಭೋಜನಶಾಲೆಯ ಉಸ್ತುವಾರಿ ಅವನ ತಾಯಿಯದು. ಮೀಸೆ ತಿರುವಿದ ಆ ಸೇನಾನಿಗಳು ಉಂಡು ಕುಡಿಯುವ ಪರಿಯನ್ನು ಅಡುಗೆಮನೆಯ ಕಡೆಯಿಂದ ನೋಡಿ ಬೆಳೆದ ಹುಡುಗ ಅವನು. 1914ರ ನವೆಂಬರಿನಲ್ಲಿ ತಾನಾಗಿ ಸೈನ್ಯ ಸೇರಿದ. ಕಾಯಿಲೆ ಬಿದ್ದು ಮರುವರುಷ ಬಿಡುಗಡೆ ಹೊಂದಿದ. 1917ರ ಜನವರಿಯಲ್ಲಿ ಮತ್ತೆ ಕರೆ ಬಂತು. ಮನಸ್ಸು ಕದಡಿ ಆಸ್ಪತ್ರೆ ಸೇರಿದ, ಕೊನೆಗೆ ನಿರುಪಯೋಗಿಯೆಂದು ಬಿಟ್ಟರು. ಪರೀಕ್ಷಿಸುವ ವೈದ್ಯನ ಕೊಳವೆ ಅವನ ಪಕ್ಕೆಗೂ ತಾಗಿತ್ತು. ನಡುವೆ, 1916ರಲ್ಲಿ, ಇಂಗ್ಲೆಂಡನ್ನು ಶಪಿಸುವುದೇ ದೇಶಭಕ್ತಿಯೆನಿಸಿದ್ದ ದಿನಗಳಲ್ಲಿ, ಅವನು ‘ಗೇಯೋರ್ಗ್’ ಎಂಬ ತನ್ನ ಹೆಸರನ್ನು ಬೇಕೆಂದೇ ಇಂಗ್ಲಿಷಿನ ‘ಜಾರ್ಜ್’ ಮಾಡಿಕೊಂಡ. ಗೆಳೆಯ ಹೆಲ್ಮೂಟ್ ಹೆರ್ಟ್ಸ್‌ಫೆಲ್ಡ್ ‘ಜಾನ್ ಹಾರ್ಟ್‌ಫೀಲ್ಡ್’ ಆದ. ಹೆಸರನ್ನೇ ವಿಡಂಬನೆಯಾಗಿಸಿದ ಈ ಜೋಡಿ ಮುಂದೆ ಬರ್ಲಿನ್ನಿನ ದಾದಾ ಪಂಥದ ಮುಂದಾಳುಗಳಾದರೆಂಬುದರಲ್ಲಿ ಆಶ್ಚರ್ಯವೇನು?

ಗೆರೆಯ ಮಾತಿಗೆ ಬರೋಣ. ಗ್ರೋಸ್ ಡ್ರೆಸ್ಡೆನ್ನಿನ ಕಲಾಶಾಲೆಯಲ್ಲಿ ಕ್ರಮವಾಗಿ ಕಲಿತವನು. ಹದವಾಗಿ ಛಾಯೆ ತುಂಬಿ, ಮೈಯನ್ನು ಮೃದುವಾಗಿ ಉಬ್ಬಿಸಿ ತೋರಿಸುವ ವಿದ್ಯೆ ಅವನಿಗೆ ಬರುತ್ತಿತ್ತು. ಅದನ್ನು ಅವನು ಬೇಕೆಂದು ಮರೆತ. ಸಾರ್ವಜನಿಕ ಮೂತ್ರಾಲಯಗಳ ಗೋಡೆಯ ಮೇಲೆ ಯಾರು ಯಾರೋ ಗೀಚಿದ ಹೊಲಸು ಗೆರೆಗಳನ್ನೂ ಮಕ್ಕಳ ಚಿತ್ರಗಳನ್ನೂ ಶ್ರದ್ಧೆಯಿಂದ ನೋಡಿ ನಕಲು ಮಾಡಿಕೊಂಡನಂತೆ. ಸಭ್ಯರು ಕಣ್ಣು ತಿರುಗಿಸುವ ಕಡೆ ಅವನಿಗೆ ಗುರು ಸಿಕ್ಕಿದ. ಅವನ ಲೆಕ್ಕಣಿಕೆಯ ಗೆರೆ ತೆಳ್ಳನೆಯದು, ಗಡುಸಾದುದು. ಎಲ್ಲಿಯೂ ದಪ್ಪವಾಗಿ ಹೊರಳಿ ಕಣ್ಣಿಗೆ ಇಂಪು ತರುವುದಿಲ್ಲ. ಮನೆಯ ಗೋಡೆಯ ಮೇಲೆ ಅದನ್ನು ಎಳೆದರೆ ಗೋಡೆ ಪಾರದರ್ಶಕವಾಗುತ್ತದೆ, ಒಳಗಿನ ಮಂಚ ಕಾಣುತ್ತದೆ; ಅಂಗಿಯ ಮೇಲೆ ಎಳೆದರೆ ಒಳಗಿನ ಮೈ ಕಾಣುತ್ತದೆ. ಬೀದಿಯ ಚಿತ್ರಗಳಲ್ಲಿ ಒಬ್ಬನ ಭುಜದ ಗೆರೆ ಇನ್ನೊಬ್ಬನ ಎದೆಯನ್ನು ಹಾದು ಟ್ರಾಮಿನ ಕಿಟಕಿಯಾಗಿ ಮುಂದುವರಿಯುತ್ತದೆ. ಇಕ್ಕಟ್ಟಾದ ನಗರದಲ್ಲಿ ಮೈಗೆ ಮೈ ಉಜ್ಜಿ ನಡೆದರೂ ಒಬ್ಬರನ್ನೊಬ್ಬರು ಕಾಣದ ಜನರನ್ನು ಬೇರೆ ಯಾವ ಬಗೆಯಲ್ಲಿ ಬರೆದಾನು?

ಮಸಿಯನ್ನು ಆರಿಸಿಕೊಂಡದ್ದರಲ್ಲಿ ಇನ್ನೊಂದು ಲಾಭವೂ ಇತ್ತು. ತೈಲವರ್ಣದ ಚಿತ್ರ ಒಂದು ಗೋಡೆಗೆ ಒಂದು. ಮಸಿಯ ಗೆರೆ ಮುದ್ರಣಯಂತ್ರದ ಬಾಯಿಗೆ ಸಲೀಸಾಗಿ ಹೋಗುತ್ತದೆ, ಅಗ್ಗದ ಕಾಗದದ ಮೇಲೆ ಸಾವಿರವಾಗಿ ಬರುತ್ತದೆ. ಕಾರ್ಖಾನೆಯ ಬದುಕನ್ನು ಕಾರ್ಖಾನೆಯ ವಿಧಾನದಿಂದಲೇ ಹಂಚುವ ಈ ಜಾಣ್ಮೆ ಮಾಲಿಕ್ ಪ್ರಕಾಶನದ ವೀಲಾಂಡ್ ಹೆರ್ಟ್ಸ್‌ಫೆಲ್ಡೆಯವರದೂ ಹೌದು.

ಈಗ ದ್ವೇಷದ ಪ್ರಶ್ನೆ. ಗ್ರೋಸನಿಗೆ ದ್ವೇಷವಿತ್ತೇ? ಇತ್ತು, ಧಾರಾಳವಾಗಿ ಇತ್ತು. ಅದನ್ನು ಅವನು ಮುಚ್ಚಿಡಲೂ ಇಲ್ಲ. ಆದರೆ ದ್ವೇಷ ಕುರುಡು ಎಂಬ ನಾಣ್ಣುಡಿಗೆ ಅವನ ಚಿತ್ರಗಳು ಎದುರಾಡುತ್ತವೆ. ಬೋಳು ತಲೆಯ ಹಿಂದೆ ಕಾಲರಿನ ಮೇಲೆ ಮಡಿಕೆಬಿದ್ದ ಕೊಬ್ಬು, ವಿದ್ಯಾರ್ಥಿದೆಸೆಯ ಕತ್ತಿಕಾಳಗದಲ್ಲಿ ಬೇಕೆಂದೇ ಪಡೆದು ಕೆನ್ನೆಯ ಮೇಲೆ ಬಿರುದಿನಂತೆ ಹೊತ್ತ ಗಾಯದ ಗೆರೆ, ಮೂಗಿಗೆ ಚಿಮುಟಿಕೊಂಡ ಕನ್ನಡಕ, ಬೆರಳಿಗೆ ಬಿಗಿದ ಉಂಗುರ, ಎದೆಯ ಮೇಲಿನ ಉಕ್ಕಿನ ಶಿಲುಬೆ—ಇಷ್ಟೊಂದನ್ನು ಪ್ರೀತಿಸುವವನೂ ನೋಡಿರಲಾರ. ಒಬ್ಬ ಧನಿಕನ ಹಾಗೆ ಇನ್ನೊಬ್ಬನಿಲ್ಲ. ಪ್ರತಿಯೊಬ್ಬನ ದವಡೆಯೂ ಬೇರೆ. ಒಬ್ಬನ ಚಿತ್ರವನ್ನು ಇನ್ನೊಬ್ಬನಿಗೆ ಅಂಟಿಸಲಾಗದು. ಪ್ರಚಾರದ ಭಿತ್ತಿಪತ್ರಗಳಲ್ಲಿ ಹೊಟ್ಟೆಯ ಮೇಲೆ ಹಣದ ಚೀಲ ಬರೆದ ಒಬ್ಬನೇ ಶ್ರೀಮಂತ ದೇಶದೇಶಗಳಲ್ಲಿ ಮತ್ತೆ ಮತ್ತೆ ಬಂದು ಹೋಗುತ್ತಾನೆ. ಅಲ್ಲಿ ನಿಜವಾಗಿ ಕುರುಡಾಗಿರುವುದು ಸೋಮಾರಿತನ.

ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಈ ಚಿತ್ರಗಳನ್ನು ಹಾಸ್ಯದ ಪಂಕ್ತಿಯಲ್ಲಿ ಕೂರಿಸುವುದು ಕಷ್ಟ. ನಗು ಬರುತ್ತದೆ, ಗಂಟಲಲ್ಲಿ ನಿಲ್ಲುತ್ತದೆ. ಇಲ್ಲಿಯ ಮುಖ್ಯ ರಸ ಬೀಭತ್ಸ. ಅದರ ಬೆನ್ನ ಹಿಂದೆ ರೌದ್ರ. ರೌದ್ರದಿಂದ ಕರುಣ ಹುಟ್ಟುತ್ತದೆಂದು ಭರತಮುನಿ ಹೇಳಿದ್ದಾನೆ. ಗ್ರೋಸನ ಹಾಳೆಯ ಮೇಲೆ ಆ ಕರುಣ ಎಲ್ಲಿಯೂ ಇಲ್ಲ. ಅವನು ರೌದ್ರದ ತನಕ ಕರೆತಂದು ನಮ್ಮನ್ನು ಅಲ್ಲಿಯೇ ಬಿಟ್ಟು ಹೋಗುತ್ತಾನೆ. ಕಣ್ಣೊರೆಸಲು ಅವನ ಬಳಿ ವಸ್ತ್ರವಿಲ್ಲ. ಸಹೃದಯರಲ್ಲಿ ಕೆಲವರು ಇದನ್ನೇ ದೋಷವೆಂದಾರು. ಯುದ್ಧಮುಗಿದ ಬರ್ಲಿನ್ನಿನಲ್ಲಿ ಕಣ್ಣೀರಿಗೆ ಬರಗಾಲವೇನೂ ಇರಲಿಲ್ಲ. ಚರ್ಚಿನಲ್ಲಿ, ಸ್ಮಾರಕಗಳ ಮುಂದೆ, ಮಂತ್ರಿಗಳ ಭಾಷಣಗಳಲ್ಲಿ ಅದು ಹರಿಯುತ್ತಲೇ ಇತ್ತು. ಕೊಂದವರೂ ಅತ್ತರು. ಅಂಥ ಊರಿನಲ್ಲಿ ಚಿತ್ರಕಾರನೊಬ್ಬ ಅಳಲು ಒಪ್ಪದೆಹೋದರೆ ಅದು ಒಂದು ಬಗೆಯ ಸಂಯಮವೆಂದೇ ನಾನು ತಿಳಿಯುತ್ತೇನೆ.

ಈ ಸಂಯಮ ಸರ್ಕಾರಕ್ಕೆ ರುಚಿಸಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಜರ್ಮನ್ ಸೈನಿಕರ ನಡುಪಟ್ಟಿಯ ಬಿಲ್ಲೆಯ ಮೇಲೆ ‘ದೇವರು ನಮ್ಮೊಡನೆ’ ಎಂಬ ಮಾತು ಕೊರೆದಿರುತ್ತಿತ್ತು. ಅದೇ ಹೆಸರನ್ನಿಟ್ಟು 1920ರಲ್ಲಿ ಗ್ರೋಸ್ ಹೊರತಂದ ಒಂಬತ್ತು ಚಿತ್ರಗಳ ಸಂಪುಟಕ್ಕಾಗಿ ಸೈನ್ಯವನ್ನು ಅವಮಾನಿಸಿದನೆಂದು ಮೊಕದ್ದಮೆ ನಡೆದು, 1921ರಲ್ಲಿ ಅವನಿಗೆ 300 ಮಾರ್ಕ್, ಪ್ರಕಾಶಕನಿಗೆ 600 ಮಾರ್ಕ್ ದಂಡ ಬಿತ್ತು. 1923ರ ‘ಎಕ್ಕೆ ಹೋಮೋ’ ಸಂಪುಟ ಅಶ್ಲೀಲವೆಂಬ ಆರೋಪಕ್ಕೆ ಗುರಿಯಾಯಿತು. ಮೂರನೆಯದು ಎಲ್ಲಕ್ಕೂ ದೊಡ್ಡ ಗಲಭೆ. 1928ರಲ್ಲಿ ಪಿಸ್ಕಾಟರ್ ರಂಗಕ್ಕೆ ತಂದ ಸೈನಿಕ ಶ್ವೆಯ್ಕನ ನಾಟಕಕ್ಕೆಂದು ಬರೆದ ಚಿತ್ರಗಳಲ್ಲಿ ಒಂದರಲ್ಲಿ ಶಿಲುಬೆಗೇರಿದ ಕ್ರಿಸ್ತನ ಮುಖಕ್ಕೆ ವಿಷಾನಿಲದ ಮುಸುಕು, ಕಾಲಿಗೆ ಸೈನಿಕನ ಬೂಟು. ಬಾಯಿಮುಚ್ಚಿ ಸೇವೆ ಮುಂದುವರಿಸು ಎಂಬರ್ಥದ ಅಡಿಬರಹ. ದೈವನಿಂದೆಯ ಆರೋಪದ ಮೇಲೆ ಮೊದಲು 2000 ಮಾರ್ಕ್ ದಂಡವಾಯಿತು. 1929ರಲ್ಲಿ ಮೇಲಿನ ನ್ಯಾಯಾಲಯದ ಜೀಗರ್ಟ್ ಎಂಬ ನ್ಯಾಯಾಧೀಶರು, ಚಿತ್ರ ಖಂಡಿಸುವುದು ಯುದ್ಧವನ್ನು ಬೋಧಿಸುವ ಧರ್ಮಾಧಿಕಾರಿಗಳನ್ನೇ ಹೊರತು ಕ್ರಿಸ್ತನನ್ನಲ್ಲ ಎಂದು ಬಿಡುಗಡೆ ಮಾಡಿದರು. ಅದೂ ರದ್ದಾಗಿ ಮತ್ತೆ ವಿಚಾರಣೆ. ಕಲಾವಿದ ಕಡೆಗೆ ಬಿಡುಗಡೆಯಾದ, ಚಿತ್ರದ ಅಚ್ಚುಫಲಕಗಳಿಗೆ ಮಾತ್ರ ನಾಶದ ಆಜ್ಞೆಯಾಯಿತು. ಜೀಗರ್ಟರ ಆ ತೀರ್ಪು ಕಲಾವಿಮರ್ಶೆಯಾಗಿಯೂ ಓದಿಸಿಕೊಳ್ಳಬಲ್ಲದು. ನ್ಯಾಯಾಸ್ಥಾನದಿಂದ ಅಂಥ ವಿಮರ್ಶೆ ಹೊರಡುವುದು ಅಪರೂಪ.

ಇಷ್ಟು ಹೊತ್ತು ಗ್ರೋಸನ ಪರವಾಗಿ ವಾದಿಸಿದ್ದಾಯಿತು. ಅವನ ಚಿತ್ರಗಳಲ್ಲಿ ನನ್ನನ್ನು ಕಾಡುವ ಎರಡು ಸಂಗತಿಗಳಿವೆ. ಅವನ್ನು ಹೇಳದಿದ್ದರೆ ಇದು ವಕೀಲಿಯಾದೀತು.

ಒಂದು, ಕೊಳ್ಳುವವನ ವಿಚಾರ. ‘ಎಕ್ಕೆ ಹೋಮೋ’ ಹೊರಬಂದ 1923ರಲ್ಲಿ ಜರ್ಮನಿಯ ನಾಣ್ಯ ಮಣ್ಣುಪಾಲಾಗುತ್ತಿತ್ತು. ಯುದ್ಧಕ್ಕೆ ಮೊದಲು ಒಂದು ಡಾಲರಿಗೆ 4.2 ಮಾರ್ಕ್, ಆ ವರುಷದ ನವೆಂಬರಿನಲ್ಲಿ 4.2 ಲಕ್ಷ ಕೋಟಿ ಮಾರ್ಕ್. ನಿವೃತ್ತ ಮೇಷ್ಟರ ಜೀವಮಾನದ ಉಳಿತಾಯ ಒಂದು ರೊಟ್ಟಿಗೂ ಸಾಲದಾಯಿತು. ಆ ಸಂಪುಟವನ್ನು ಅಗ್ಗದಿಂದ ತುಟ್ಟಿಯವರೆಗೆ ಹಲವು ಬಗೆಯಲ್ಲಿ ಮುದ್ರಿಸಿದ್ದರು. ಬಣ್ಣದ ಚಿತ್ರಗಳೆಲ್ಲ ಕೂಡಿದ ತುಟ್ಟಿಯ ಆವೃತ್ತಿಯನ್ನು ಆ ವರುಷ ಕೊಳ್ಳಬಲ್ಲವನಾರು? ಕೂಲಿಯವನಲ್ಲ, ಮೇಷ್ಟರಲ್ಲ. ಡಾಲರು ಕೂಡಿಟ್ಟವನು, ಕಾಳಸಂತೆಯಲ್ಲಿ ಗಳಿಸಿದವನು. ಎಂದರೆ ಚಿತ್ರದೊಳಗೆ ಸಿಗಾರು ಹಿಡಿದು ಕುಳಿತವನೇ. ತನ್ನ ಮುಖವನ್ನು ತಾನು ಚರ್ಮದ ರಟ್ಟಿನಲ್ಲಿ ಕಟ್ಟಿಸಿ ಮೇಜಿನ ಮೇಲಿಟ್ಟು ಅತಿಥಿಗಳಿಗೆ ತೋರಿಸುವ ಧನಿಕನನ್ನು ಯಾವ ವಿಡಂಬನೆ ತಾನೇ ಮುಟ್ಟಬಲ್ಲದು? ನಂಜಿಲ್ಲದ ನಗೆಯನ್ನು ಬಯಸುವವರು ಇಲ್ಲಿ ನನ್ನನ್ನು ಕೇಳಬಹುದು: ನಂಜು ಸವರಿದ ಬಾಣವೂ ಕೊನೆಗೆ ಗೋಡೆಯ ಅಲಂಕಾರವೇ ಆಯಿತಲ್ಲ ಎಂದು. ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಅದೇ ವರುಷ ನವೆಂಬರಿನಲ್ಲಿ ಹಿಟ್ಲರ್ ಮ್ಯೂನಿಕ್ಕಿನಲ್ಲಿ ದಂಗೆಯೆದ್ದು ಸೋತ. ಹತ್ತು ವರುಷಕ್ಕೆ ಗೆದ್ದ. ಚಿತ್ರಗಳು ಅವನನ್ನು ತಡೆಯಲಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ‘ಬೆಳಗಿನ ಐದು ಗಂಟೆ’ಗೆ ಮರಳಿ ಬನ್ನಿ. ಕೆಳಗಿನ ಕೋಣೆಯಲ್ಲಿ ಕಣ್ಣು ಎಷ್ಟು ಹೊತ್ತು ತಿರುಗಿದರೂ ಹೊಸದೇನಾದರೂ ಸಿಗುತ್ತದೆ. ಮೇಲಿನ ಸಾಲಿನಲ್ಲಿ ಅರೆನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಅಲ್ಲಿ ಇರುವುದು ಸಾಲು, ಮನುಷ್ಯರಿಲ್ಲ. ಸಂಗ್ರಹದ ಉಳಿದ ಪುಟಗಳಲ್ಲಿಯೂ ಬಹುಮಟ್ಟಿಗೆ ಹೀಗೆಯೇ: ಸೇನಾನಿಗೆ ಒಂದು ಮುಖ, ವರ್ತಕನಿಗೆ ಒಂದು ಮುಖ, ಕೂಲಿಯವನಿಗೆ ಬತ್ತಿದ ಕೆನ್ನೆಯ ಒಂದು ಅಚ್ಚು. ಯಾರ ಪರವಾಗಿ ಬರೆದನೋ ಅವರನ್ನು ಅವನು ಹತ್ತಿರದಿಂದ ನೋಡಲಿಲ್ಲ. ಅಧಿಕಾರಿಗಳ ಭೋಜನಶಾಲೆ ಅವನಿಗೆ ಗೊತ್ತಿತ್ತು, ಪಾನಗೃಹ ಗೊತ್ತಿತ್ತು. ಐದು ಗಂಟೆಗೆ ಏಳುವ ಮನೆಯ ಒಲೆ, ಬುತ್ತಿ, ಮಾತು ಅವನಿಗೆ ಗೊತ್ತಿರಲಿಲ್ಲ. ಅವನು 1922ರಲ್ಲಿ ರಷ್ಯಕ್ಕೆ ಹೋಗಿಬಂದು ಮರುವರುಷ ಕಮ್ಯುನಿಸ್ಟ್ ಪಕ್ಷವನ್ನು ಬಿಟ್ಟ. ಕಾರಣಗಳು ರಾಜಕೀಯದವು, ಸರಿ. ಆದರೆ ಆ ಮೇಲಿನ ಸಾಲನ್ನು ನೋಡಿದಾಗ, ಬಿಡುವ ಮೊದಲೇ ದೂರ ಇತ್ತು ಎನಿಸುತ್ತದೆ.

ಈ ಕೊರತೆಯ ಅರಿವು ಅವನಿಗೇ ಇತ್ತೋ ಏನೋ. 1921ರಲ್ಲಿಯೇ ಬರೆದ ಒಂದು ತೈಲವರ್ಣದ ಚಿತ್ರದಲ್ಲಿ, ‘ಮಬ್ಬಿನ ದಿನ’ ಎಂಬುದು ಅದರ ಹೆಸರು, ನಾಲ್ವರಿದ್ದಾರೆ. ಮುಂದೆ ಮೆಳ್ಳಗಣ್ಣಿನ ಸರ್ಕಾರಿ ನೌಕರ. ಯುದ್ಧದಲ್ಲಿ ಗಾಯಗೊಂಡವರ ಯೋಗಕ್ಷೇಮ ನೋಡುವ ಹುದ್ದೆ ಅವನದೆಂದು ಚಿತ್ರದ ಮೊದಲಿನ ಹೆಸರು ಹೇಳುತ್ತಿತ್ತು. ಹಿಂದೆ ಇಟ್ಟಿಗೆಯ ಗೋಡೆ. ಗೋಡೆಯಾಚೆ ಕೋಲು ಹಿಡಿದ ಗಾಯಾಳು, ಕಾರ್ಖಾನೆಯ ಕಡೆಗೆ ಹೊರಟ ಕೆಲಸಗಾರ, ಮರೆಯಿಂದ ಇಣುಕುವ ಕಾಳಸಂತೆಯವನು. ಯಾರೂ ಯಾರನ್ನೂ ನೋಡುತ್ತಿಲ್ಲ. ಕೆಲಸಗಾರನಿಗೆ ಇಲ್ಲಿಯೂ ಮುಖ ಸ್ಪಷ್ಟವಿಲ್ಲ. ಆದರೆ ಆ ಅಸ್ಪಷ್ಟತೆಯೇ ಈಗ ಚಿತ್ರದ ವಸ್ತುವಾಗಿದೆ.

ಗ್ರೋಸ್ 1933ರ ಜನವರಿಯಲ್ಲಿ, ಹಿಟ್ಲರ್ ಪಟ್ಟಕ್ಕೇರುವುದಕ್ಕೆ ಕೆಲವೇ ದಿನ ಮೊದಲು, ಅಮೆರಿಕಕ್ಕೆ ಹೊರಟುಹೋದ. ನಾಜಿಗಳು 1937ರಲ್ಲಿ ಮ್ಯೂನಿಕ್ಕಿನಲ್ಲಿ ನಡೆಸಿದ ‘ಪತಿತ ಕಲೆ’ಯ ಪ್ರದರ್ಶನದಲ್ಲಿ ಅವನ ಚಿತ್ರಗಳನ್ನೂ ತೂಗುಹಾಕಿದರು, 20 ಲಕ್ಷ ಜನ ಬಂದು ನೋಡಿದರು. ಅಣಕಿಸಲು ಬಂದವರೆಷ್ಟು, ಬೇರೆ ಕಾರಣಕ್ಕೆ ಬಂದವರೆಷ್ಟು ಎಂದು ಲೆಕ್ಕವಿಟ್ಟವರಿಲ್ಲ. ನ್ಯೂಯಾರ್ಕಿನಲ್ಲಿ ಗ್ರೋಸ್ ವಿದ್ಯಾರ್ಥಿಗಳಿಗೆ ಪಾಠ ಹೇಳಿದ, ಕೇಪ್ ಕಾಡಿನ ಸಮುದ್ರದಂಡೆಯ ಮರಳುದಿಬ್ಬಗಳನ್ನು ಬರೆದ, ತನ್ನ ಹಳೆಯ ಕೋಪವನ್ನು ಆತ್ಮಕಥೆಯಲ್ಲಿ ಸಾಕಷ್ಟು ಹಗುರವಾಗಿ ಮಾತನಾಡಿಸಿದ. ಹೊಸ ದೇಶದಲ್ಲಿ ದ್ವೇಷವಿಲ್ಲದೆ ಬಾಳಬೇಕೆಂದು ಅವನು ಬಯಸಿದ್ದನ್ನು ಯಾರು ತಪ್ಪೆಂದಾರು? ಮರಳುದಿಬ್ಬಗಳು ಚೆನ್ನಾಗಿಯೇ ಇವೆ. ಮೃದುವಾದ ಛಾಯೆ, ನುರಿತ ಕೈ. ಡ್ರೆಸ್ಡೆನ್ನಿನಲ್ಲಿ ಕಲಿತು ಬೇಕೆಂದು ಮರೆತದ್ದೆಲ್ಲ ಮರಳಿ ಬಂದಿದೆ. ಅವನ್ನು ಮೆಚ್ಚಿಕೊಂಡು ನೋಡುತ್ತಿರುವಾಗಲೇ ನನ್ನ ಕಣ್ಣು ಆ ಗಡುಸು ಗೆರೆಯನ್ನು ಹುಡುಕುತ್ತಿರುತ್ತದೆ. 1959ರಲ್ಲಿ ಅವನು ಬರ್ಲಿನ್ನಿಗೆ ಹಿಂದಿರುಗಿದ. ಕೆಲವು ವಾರಗಳಷ್ಟೇ ಕಳೆದಿದ್ದವು. ಜುಲೈ 6ರಂದು ಮೆಟ್ಟಿಲಿಂದ ಬಿದ್ದು ತೀರಿಕೊಂಡ.